ಅಕ್ಷರಕ್ಕಿಷ್ಟು ಡಾಲರು

ಮೇಯ್ನ್ ರಾಜ್ಯದ ಉತ್ತರದ ತುದಿ. ಏಪ್ರಿಲ್ಲಿನಲ್ಲೂ
ಹೆಪ್ಪು ಬಿಡದ ನೆಲ. ಚಳಿಗಾಲದಲ್ಲಿ ಸತ್ತವರು
ಮಣ್ಣು ಸಡಿಲವಾಗುವ ತನಕ ಸರದಿ ಕಾಯುತ್ತಾರೆ.
ಕೆಜಾಯಾ ಪಿಂಕಮ್‌ಳ ಶೆಡ್ಡಿನಲ್ಲಿ ಕಲ್ಲುಗಳೂ ಕಾಯುತ್ತವೆ,
ಗೋಡೆಗೊರಗಿ, ಮುಖವಿಲ್ಲದೆ.

ಬಾಗಿಲಲ್ಲಿ ನಿಂತವನು ಮೊಮ್ಮಗ, ಕೋಲ್ಬಿ ಹಸ್ಕೆಲ್.
ಟೋಪಿ ಕೈಯಲ್ಲಿ, ಹಿಮ ಬೂಟಿನಲ್ಲಿ.
"ಹೆಸರು ಪೂರ್ತಿ ಬೇಡ," ಅಂದ. "ಬರೀ ಎನ್. ಹಸ್ಕೆಲ್ ಸಾಕು."
"ಅಕ್ಷರ ಉಳಿಸಿ ದುಡ್ಡು ಉಳಿಸುತ್ತೀಯಾ?"
ಅವನು ನೆಲ ನೋಡಿದ.
"ಹುಡುಗರು ನಗುತ್ತಾರೆ."

ನಿಮ್ರಾಡ್.
ಎಂದರೆ ಇಲ್ಲಿ, ಈಗ: ಪೆದ್ದ, ಮಂಕ, ಮುಟ್ಠಾಳ,
ಅಂಗಿ ತಿರುಗುಮುರುಗು ತೊಟ್ಟು ಬಂದವನು,
ಕೈಗೇ ಬಂದ ಕ್ಯಾಚು ಬಿಟ್ಟವನು.
ಎಂದರೆ ಅಲ್ಲಿ, ಆಗ, ಆದಿಕಾಂಡದ ಹತ್ತನೆಯ ಅಧ್ಯಾಯದಲ್ಲಿ:
ನಿಮ್ರೋದ, ಕರ್ತನ ಎದುರಿಗೇ ಗಟ್ಟಿಗ ಬೇಟೆಗಾರ,
ಊರೂರುಗಳ ಒಡೆಯ.
ನಡುವಿನ ದಾರಿಯಲ್ಲಿ ಏನಾಯಿತೋ.
ಗುರಿ ತಪ್ಪಿದ ಯಾರನ್ನೋ ಯಾರೋ ಒಬ್ಬ
"ಬಂದರಪ್ಪ ನಿಮ್ರೋದರು" ಎಂದು ಕಿಚಾಯಿಸಿರಬೇಕು.
ಕೇಳಿದವರಿಗೆ ನಗು ತಿಳಿಯಿತು, ಹೆಸರು ತಿಳಿಯಲಿಲ್ಲ.

ನಾವೂ ಅಷ್ಟೇ ತಾನೆ,
ಹಸಿ ಸುಳ್ಳನನ್ನು "ಬಾರಯ್ಯ ಹರಿಶ್ಚಂದ್ರ" ಅನ್ನುತ್ತೇವೆ.
ಆದರೆ ಸುಡುಗಾಡು ಕಾದ ರಾಜನ ಕಥೆ ನಮಗಿನ್ನೂ ಬಾಯಿಪಾಠ;
ಕುಟುಕು ಕುಟುಕಾಗಿಯೇ ಉಳಿಯುತ್ತದೆ.
ಇಲ್ಲಿ ಕಥೆ ಮುಚ್ಚಿದ ಪುಸ್ತಕದೊಳಗೆ ಉಳಿಯಿತು,
ಹೆಸರೊಂದೇ ಗೇಟು ಹಾರಿ ಬೀದಿಗೆ ಬಿತ್ತು.

ಕೆಜಾಯಾಗೆ ಇಂಥವರ ಪರಿಚಯವಿದೆ.
ಮಗ್ದಲದ ಮರಿಯಳು ಗೋರಿಯ ಬಳಿ ಅತ್ತದ್ದು ಒಂದು ಬೆಳಗ್ಗೆ;
ಹೆಸರು ಬಾಯಿಂದ ಬಾಯಿಗೆ ಸವೆದು ಮಾಡ್ಲಿನ್ ಆಗಿ
ಈಗ ಬಾರಿನ ಮೂಲೆಯಲ್ಲಿ, ಮೂರನೆಯ ಬಿಯರಿಗೆ,
ಮಾರಿಬಿಟ್ಟ ಟ್ರಕ್ಕಿಗಾಗಿ ಕಣ್ಣೀರಿಡುವವನ ಗುಣವಾಚಕ.
ಬೇತ್ಲೆಹೇಮ್, ಗೋದಲಿಯೂ ನಕ್ಷತ್ರವೂ ಇದ್ದ ಊರು,
ಲಂಡನ್ನಿನ ಆಸ್ಪತ್ರೆಯೊಂದರ ಹಲಗೆ ಹತ್ತಿ,
ಒಳಗಿನ ಹುಚ್ಚರ ಕೂಗು ಕೇಳಿ ಕೇಳಿ, ಬೆಡ್ಲಮ್ ಆಗಿ ಇಳಿಯಿತು.
ಈಗ ಶುಕ್ರವಾರ ಮಧ್ಯಾಹ್ನ, ಮೂರನೆ ತರಗತಿಯ ಗಲಾಟೆಗೆ
ಟೀಚರು ಹಣೆ ಹಿಡಿದುಕೊಂಡು ಹೇಳುವ ಮಾತು.
ಅವಳದೂ ಯೋಬನ ಮಗಳ ಹೆಸರು: ಕೆಚೀಯ,
ಸುವಾಸನೆಯ ತೊಗಟೆ. ಇನ್ನೂ ಬೈಗುಳವಾಗಿಲ್ಲ.
ಆಗಬಹುದು. ಅವಳಿಗೀಗ ಅರವತ್ತೆಂಟು, ಅವಸರವೇನಿಲ್ಲ.

"ನಿನ್ನಜ್ಜ ಬೇಟೆಯಾಡಿದ್ದು ನಾನಂತೂ ನೋಡಿಲ್ಲ," ಅಂದಳು.
ನಿಜ. ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದ.
ದಾರಿಗೆ ಮೂಸ್ ಅಡ್ಡ ಬಂದರೆ ಎಂಜಿನ್ ಆರಿಸಿ
ಹೋಗಲಿ ಬಿಡಿ, ಅದಕ್ಕೂ ಮನೆಯಿದೆ, ಅನ್ನುತ್ತಿದ್ದ.
ಹಿಂದಿನ ಸೀಟುಗಳಲ್ಲಿ ಮಕ್ಕಳು ಒಬ್ಬರಿಗೊಬ್ಬರು
ಅವನ ಹೆಸರನ್ನೇ ಎಸೆದಾಡುತ್ತಿದ್ದರು,
ತಿಂದು ಮುಗಿಸಿದ ಸೇಬಿನ ದಿಂಡಿನಂತೆ.
ಮೊದಮೊದಲು "ಏನಪ್ಪ?" ಎಂದು ತಿರುಗುತ್ತಿದ್ದನಂತೆ.
ಆಮೇಲೆ ತಿರುಗುವುದನ್ನು ಬಿಟ್ಟ.

ಕೋಲ್ಬಿ ತುಂಬ ಹೊತ್ತು ಮಾತಾಡಲಿಲ್ಲ.
"ಒಂದು ಸಲ ನಾನೂ ಅಂದಿದ್ದೆ. ಐದನೆ ತರಗತಿ.
ಪಕ್ಕದವನಿಗೆ. ಅಜ್ಜನಿಗಲ್ಲ.
ಅದು ಅಜ್ಜನ ಹೆಸರು ಅಂತ ಆ ಗಳಿಗೆ ನೆನಪೇ ಇರಲಿಲ್ಲ,
ಮನೆಯಲ್ಲಿ ಅವನು ಬರೀ ಅಜ್ಜ.
ತಲೆಯೆತ್ತಿದೆ. ಕನ್ನಡಿಯಲ್ಲಿ ಅವನ ಕಣ್ಣುಗಳಿದ್ದವು.
ನೋಡಿದ. ಆಮೇಲೆ ಗೇರು ಬದಲಿಸಿದ."

ಕೆಜಾಯಾ ಸೀಮೆಸುಣ್ಣ ಎತ್ತಿಕೊಂಡು ಕಲ್ಲಿನ ಮೇಲೆ
ಒಂದೇ ಅಕ್ಷರ ಬರೆದಳು.
ಪಕ್ಕದಲ್ಲಿ ಐದು ಅಕ್ಷರದ ಜಾಗ ಬಿಟ್ಟು
ಹಸ್ಕೆಲ್ ಬರೆದಳು.
"ಮೇ ತಿಂಗಳ ತನಕ ನೆಲ ಬಿಡುವುದಿಲ್ಲ. ಯೋಚಿಸು.
ಆ ಐದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ."

ಅವನು ಹೊರಟ. ಬಾಗಿಲ ಬಳಿ ನಿಂತ.
"ಸಹಿ ಹಾಕುವಾಗ ಅವನು," ಅಂದ, "ಆ ಓ ಅಕ್ಷರ
ಪೂರ್ತಿ ಮುಚ್ಚುತ್ತಿರಲಿಲ್ಲ. ಮೇಲೆ ಸ್ವಲ್ಪ
ಬಾಯಿ ಬಿಟ್ಟಿರುತ್ತಿತ್ತು."
"ಎಷ್ಟು?"
ಹೆಬ್ಬೆರಳು ತೋರುಬೆರಳ ನಡುವೆ
ಒಂದು ಕಾಳಿನಷ್ಟು ಸಂದು ಮಾಡಿ ತೋರಿಸಿದ.